ಪರಂಪರೆಯ ಡಿಜಿಟಲೀಕರಣ: ತರಬೇತಿಯ ಆದ್ಯತೆಗಳು

ಸಾಂಸ್ಕೃತಿಕ ಸಂಸ್ಥೆಗಳಲ್ಲಿ ಡಿಜಿಟಲೀಕರಣ ಯೋಜನೆಗಳನ್ನು ನಿರ್ವಹಿಸುವವರಿಗೆ ನೀಡುವ ತರಬೇತಿಯು ಯಂತ್ರದ ಬಳಕೆಗಿಂತ ಮೊದಲು ವಿವರ ದಾಖಲಿಸುವ ಶಿಸ್ತನ್ನು ಕಲಿಸಬೇಕಾಗುತ್ತದೆ. ಮಿಥಿಕ್ ಸೊಸೈಟಿಯು 2021ರಲ್ಲಿ ಬೆಂಗಳೂರು ಪ್ರದೇಶದ ಶಾಸನಗಳ ಮೂರು ಆಯಾಮದ ಸ್ಕ್ಯಾನಿಂಗ್ ಆರಂಭಿಸಿತು. ಸವೆದ ಅಕ್ಷರಗಳನ್ನು ಓದಲು ಈ ತಂತ್ರ ನೆರವಾಗುತ್ತದೆ. ಆದರೆ ಕಲ್ಲಿನ ಗುರುತನ್ನು ದಾಖಲಿಸಬೇಕಾದವರು ಮನುಷ್ಯರೇ.

ಮೇಲೂರನ್ನು ಒಳಗೊಂಡ ಶಿಡ್ಲಘಟ್ಟ ತಾಲ್ಲೂಕು ಇದಕ್ಕೆ ನಿದರ್ಶನ. ಈ ತಾಲ್ಲೂಕಿನ ಶಾಸನಗಳನ್ನು ಬಿ.ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಕೋಲಾರ ಜಿಲ್ಲಾ ಸಂಪುಟದಲ್ಲಿ (ಸಂಪುಟ 10, 1905) ತಾಲ್ಲೂಕುವಾರು ಸಂಖ್ಯೆ ನೀಡಿ ಪ್ರಕಟಿಸಿದರು. 2007ರಲ್ಲಿ ತಾಲ್ಲೂಕು ನೂತನ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿತು. ಹೊಸ ಜಿಲ್ಲೆಯನ್ನಷ್ಟೇ ನಮೂದಿಸಿ ಹಳೆಯ ಸಂಖ್ಯೆಯನ್ನು ಕೈಬಿಟ್ಟರೆ, ಒಂದು ಶತಮಾನದ ಸಂಶೋಧನಾ ಉಲ್ಲೇಖಗಳೊಡನೆ ಶಾಸನದ ಸಂಬಂಧ ಕಡಿಯುತ್ತದೆ.

ಮೌಖಿಕ ಪರಂಪರೆಯಲ್ಲಿ ನಷ್ಟ ಇನ್ನೂ ತೀವ್ರ. ಕನ್ನಡ, ತೆಲುಗು ಎರಡೂ ಬಳಕೆಯಲ್ಲಿರುವ ಈ ಸೀಮೆಯ ಹಾಡನ್ನು ವಿಚಾರಿಸದೆ ಒಂದೇ ಭಾಷೆಯ ಹೆಸರಿನಲ್ಲಿ ಪಟ್ಟಿಮಾಡಿದರೆ ಅದರ ಚರಿತ್ರೆ ಮಸುಕಾಗುತ್ತದೆ. ಹಾಡಿದವರ ಹೆಸರು, ಊರು, ಸಂದರ್ಭ ಮತ್ತು ಒಪ್ಪಿಗೆ ಇಲ್ಲದ ಧ್ವನಿಮುದ್ರಣವು ಎಷ್ಟೇ ಸ್ಫುಟವಾಗಿದ್ದರೂ ಸಂಶೋಧನೆಗೆ ಆಧಾರವಾಗದು. ಕಲ್ಲನ್ನು ಮತ್ತೊಮ್ಮೆ ಪರಿಶೀಲಿಸಬಹುದು. ಗತಿಸಿದ ಹಾಡುಗಾರರನ್ನು ವಿಚಾರಿಸಲು ಸಾಧ್ಯವಿಲ್ಲ.

ಆದ್ದರಿಂದ ತರಬೇತಿಯಲ್ಲಿ ಆಯ್ಕೆ, ಒಪ್ಪಿಗೆ ಮತ್ತು ವಿವರಣೆ ಮೊದಲ ಪಾಠವಾಗಬೇಕು. ಟಿಫ್ ರೂಪದ ಮೂಲಪ್ರತಿ, ಬೇರೆ ಬೇರೆ ಸ್ಥಳಗಳಲ್ಲಿ ಇರಿಸುವ ಪ್ರತಿಗಳು, ನಿರ್ದಿಷ್ಟ ಫಾಂಟನ್ನು ಅವಲಂಬಿಸದ ಯೂನಿಕೋಡ್ ಪಠ್ಯ ಇವು ಅನಂತರದ ಪಾಠಗಳು. ಉಪಕರಣಗಳ ಬೆಲೆಯ ಜೊತೆಗೆ ವಿವರ ದಾಖಲಿಸುವ ಸಿಬ್ಬಂದಿಯ ವೇತನವನ್ನೂ ಯೋಜನಾ ವೆಚ್ಚದಲ್ಲಿ ಸೇರಿಸುವುದನ್ನು ನಿರ್ವಾಹಕರು ಅಲ್ಲಿಯೇ ಕಲಿಯಬೇಕು.