ಕಟ್ಟುವ ಮುನ್ನವೇ ಗಣಿಸುವ ಬಗೆ

ಪ್ರಶ್ನೆ: ಹುಣಸೂರು, ಪಿರಿಯಾಪಟ್ಟಣಗಳ ತಂಬಾಕು ಮಾರುಕಟ್ಟೆಗಳಲ್ಲಿ ಈಗ ಇ-ಹರಾಜು ನಡೆಯುತ್ತಿದೆ. ಇಂಥ ವ್ಯವಸ್ಥೆಯು ಸಂದಣಿಯನ್ನು ತಾಳಬಲ್ಲುದೇ ಎಂಬುದನ್ನು ನಿರ್ಮಾಣಕ್ಕೆ ಮೊದಲೇ ಅರಿಯುವುದೆಂತು?

ಉತ್ತರ: ಯಂತ್ರಾಂಶವನ್ನು ಕೊಳ್ಳುವುದಕ್ಕೂ ತಂತ್ರಾಂಶವನ್ನು ಬರೆಯುವುದಕ್ಕೂ ಮುನ್ನವೇ ಅದರ ಗಣಿತಪ್ರತಿರೂಪವೊಂದನ್ನು ರಚಿಸಿ, ಕೋರಿಕೆಗಳು ಬರುವ ವೇಗವೆಷ್ಟು, ಪ್ರತಿಯೊಂದನ್ನು ಪೂರೈಸಲು ಹಿಡಿಯುವ ಕಾಲವೆಷ್ಟು ಎಂಬೆರಡನ್ನು ಅಂದಾಜಿಸಿ ಗಣಿಸುವುದೇ ಇದರ ಮಾರ್ಗ. ದೂರವಾಣಿ ಕರೆಗಳನ್ನು ಕುರಿತು ಡೆನ್ಮಾರ್ಕಿನ ಎರ್ಲಾಂಗ್ 1909ರಲ್ಲಿ ಪ್ರಕಟಿಸಿದ ಲೇಖನವೇ ಸಾಲಿನಲ್ಲಿ ಕಾಯುವಿಕೆಯನ್ನು ಗಣಿಸುವ ಈ ಸರದಿಶಾಸ್ತ್ರಕ್ಕೆ ಮೂಲ. 1961ರಲ್ಲಿ ಜಾನ್ ಲಿಟಲ್ ಸಾಧಿಸಿದ ಸೂತ್ರವಂತೂ ಅತಿ ಸರಳ: ನಿಮಿಷಕ್ಕೆ 2 ಬೇಲುಗಳು ಬಂದು ಪ್ರತಿಯೊಂದೂ 30 ನಿಮಿಷ ಉಳಿಯುವುದಾದರೆ, ಅಂಗಳದಲ್ಲಿ ಸರಾಸರಿ 60 ಬೇಲುಗಳಿರುತ್ತವೆ.

ಆದರೆ ನಾನು ಮುಖ್ಯವೆಂದೆಣಿಸುವುದು ಬೇರೊಂದನ್ನು. ಕೋರಿಕೆಗಳು ಯಾದೃಚ್ಛಿಕವಾಗಿ ಬರುವ ಸರಳ ಪ್ರತಿರೂಪದಲ್ಲಿ, ಸರ್ವರ್ ತನ್ನ ಶಕ್ತಿಯ ಅರ್ಧದಷ್ಟು ದುಡಿಯುವಾಗ ಸೇವಾಕಾಲದ 2 ಪಟ್ಟು ಅವಧಿಯಲ್ಲಿ ದೊರೆಯುವ ಉತ್ತರವು, ಶೇಕಡಾ 90ರಷ್ಟು ದುಡಿಯುವಾಗ 10 ಪಟ್ಟು, 95ರಷ್ಟು ದುಡಿಯುವಾಗ 20 ಪಟ್ಟು ಕಾಲವನ್ನು ಬೇಡುವುದು. ದೂರದ ಹಳ್ಳಿಯಿಂದ ವರ್ಷದ ಬೆಳೆಯನ್ನು ಹೊತ್ತು ತಂದ ರೈತನು ಕಾದು ಬಳಲುವುದು ಈ ಕೊನೆಯ ಏರಿನಲ್ಲಿಯೇ. ಆದಕಾರಣ ವಿನ್ಯಾಸಕಾರನು ಸರಾಸರಿ ದಿನವನ್ನಲ್ಲ, ಹರಾಜಿನ ಅತ್ಯಂತ ನಿಬಿಡವಾದ ದಿನವನ್ನೇ ಲೆಕ್ಕಕ್ಕೆ ಹಿಡಿಯತಕ್ಕದ್ದು.