ಟೊಮೆಟೊ ಸಂಸ್ಕರಣೆ: ಅಗ್ಗದ ಹಣ್ಣಿನ ಆಚೆಗಿನ ಲೆಕ್ಕ

ಕೋಲಾರದ ಎಪಿಎಂಸಿ ಪ್ರಾಂಗಣದಲ್ಲಿ ಟೊಮೆಟೊ ಹರಾಜಾಗುವುದು 15 ಕಿಲೋ ತೂಕದ ಪೆಟ್ಟಿಗೆಗಳ ಲೆಕ್ಕದಲ್ಲಿ. 2020ರ ಲಾಕ್‌ಡೌನ್ ದಿನಗಳಲ್ಲಿ ಕೊಳ್ಳುವವರಿಲ್ಲದೆ ಬೆಳೆಗಾರರು ಹಣ್ಣನ್ನು ಸುರಿಯಬೇಕಾಯಿತು. 2023ರ ಜುಲೈ ತಿಂಗಳಿನಲ್ಲಿ ಅದೇ ಪೆಟ್ಟಿಗೆಯ ಬೆಲೆ 2,000 ರೂಪಾಯಿಗಳನ್ನು ದಾಟಿತು. ಈ ಎರಡು ತುದಿಗಳ ನಡುವೆ ತೂಗಾಡುವ ಬೆಲೆಯನ್ನು ಕಂಡ ಪ್ರತಿಯೊಬ್ಬ ವರ್ತಕನಲ್ಲಿಯೂ ಒಂದು ಆಲೋಚನೆ ಮೂಡುವುದು ಸಹಜ: ಬೆಲೆ ಕುಸಿದಾಗ ಕೊಂಡು, ಕೆಡದಂತೆ ಕಾಪಿಟ್ಟು, ಬೆಲೆ ಏರಿದಾಗ ಮಾರಿದರೆ ಲಾಭವಲ್ಲವೇ?

ಆಲೋಚನೆ ತಪ್ಪಲ್ಲ, ಆದರೆ ಅಪೂರ್ಣ. ಟೊಮೆಟೊ ಸಂಸ್ಕರಣೆಯ ಖರ್ಚುಪಟ್ಟಿಯಲ್ಲಿ ಸುಗ್ಗಿಯ ದಿನದ ಹಣ್ಣಿನ ಬೆಲೆ ಬಹುತೇಕ ಕಿರಿಯ ಬಾಬು. ಘಟಕದ ಅಳಿವು ಉಳಿವನ್ನು ನಿರ್ಧರಿಸುವುದು ಹಣ್ಣಿನ ಸತ್ತ್ವ, ಇಂಧನ, ಡಬ್ಬಿ ಮತ್ತು ಯಂತ್ರ ಓಡುವ ದಿನಗಳ ಸಂಖ್ಯೆ. ಬಂಡವಾಳ ತೊಡಗಿಸುವ ಮುನ್ನ ಇವುಗಳನ್ನು ಒಂದೊಂದಾಗಿ ಪರಿಶೀಲಿಸುವುದು ಒಳಿತು.

ಹಣ್ಣಿನಲ್ಲಿ ಇರುವುದೆಷ್ಟು?

ಟೊಮೆಟೊ ಹಣ್ಣಿನ ತೂಕದಲ್ಲಿ ಶೇ. 94ರಿಂದ 95ರಷ್ಟು ನೀರು. ಸಂಸ್ಕರಣೆಗೆ ಬೆಲೆ ತರುವುದು ರಸದಲ್ಲಿ ಕರಗಿರುವ ಸಕ್ಕರೆ, ಆಮ್ಲ ಮೊದಲಾದ ಘನಾಂಶ. ಇದನ್ನು ರಿಫ್ರಾಕ್ಟೋಮೀಟರ್ ಎಂಬ ಕೈಯಲ್ಲಿ ಹಿಡಿಯುವ ಉಪಕರಣದಿಂದ ಕ್ಷಣಮಾತ್ರದಲ್ಲಿ ಅಳೆಯಬಹುದು. ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಟೊಮೆಟೊ ಪ್ಯೂರಿಯಲ್ಲಿ ಉಪ್ಪಿನ ಅಂಶವನ್ನು ಬಿಟ್ಟು ಕನಿಷ್ಠ ಶೇ. 9 ಮತ್ತು ಪೇಸ್ಟ್‌ನಲ್ಲಿ ಕನಿಷ್ಠ ಶೇ. 25 ಘನಾಂಶವಿರಬೇಕು.

ಒಂದು ಉದಾಹರಣೆಯನ್ನು ನೋಡೋಣ. ಪೆಟ್ಟಿಗೆಗೆ 60 ರೂಪಾಯಿಯಂತೆ, ಅಂದರೆ ಕಿಲೋಗೆ 4 ರೂಪಾಯಿಯಂತೆ, ಒಂದು ಟನ್ ಹಣ್ಣು ಕೊಂಡರೆ 4,000 ರೂಪಾಯಿ. ಕೊಳೆತ ಹಣ್ಣು, ಸಿಪ್ಪೆ, ಬೀಜಗಳಿಗೆ ಶೇ. 10 ಕಳೆದರೆ ಉಳಿಯುವ ರಸ 900 ಕಿಲೋ. ರಸದ ಘನಾಂಶ ಶೇ. 4.5 ಇದ್ದರೆ ಒಟ್ಟು ಸತ್ತ್ವ 40.5 ಕಿಲೋ, ಇದರಿಂದ ಶೇ. 9ರ ಪ್ಯೂರಿ 450 ಕಿಲೋ ಬರುತ್ತದೆ. ಘನಾಂಶ ಶೇ. 5 ಇದ್ದರೆ ಅದೇ ಒಂದು ಟನ್ನಿನಿಂದ 500 ಕಿಲೋ. ಅರ್ಧ ಅಂಶದ ವ್ಯತ್ಯಾಸ 50 ಕಿಲೋ ಸಿದ್ಧವಸ್ತುವನ್ನು ಕೊಡುತ್ತದೆ ಅಥವಾ ಕಸಿಯುತ್ತದೆ. ಮಂಡಿಯಲ್ಲಿ ಪೆಟ್ಟಿಗೆಗೆ ಐದು ರೂಪಾಯಿ ಕಡಿಮೆ ಮಾಡಿಸಲು ಚೌಕಾಸಿ ನಡೆಸುವ ಉದ್ಯಮಿ ಈ ಅರ್ಧ ಅಂಶವನ್ನು ಅಳೆಯದೆ ಬಿಡುವುದುಂಟು.

ಮಂಡಿಗೆ ಬರುವ ತಳಿಗಳನ್ನು ಬೆಳೆಗಾರರು ಆರಿಸುವುದು ದೂರದ ಸಾಗಣೆಯನ್ನು ತಾಳುವ ಗಟ್ಟಿತನಕ್ಕಾಗಿ. ಅವು ಸಂಸ್ಕರಣೆಗೆ ಹೇಳಿ ಮಾಡಿಸಿದವಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಸಂಸ್ಕರಣೆಯ ಉದ್ದೇಶಕ್ಕೆಂದೇ ಅರ್ಕ ವಿಶೇಷ್, ಅರ್ಕ ಅಪೇಕ್ಷ ಎಂಬ ಸಂಕರ ತಳಿಗಳನ್ನು ಹೊರತಂದಿದೆ. ಆದರೆ ಕೊಳ್ಳುವ ಭರವಸೆಯಿಲ್ಲದೆ ಯಾವ ರೈತನೂ ತಳಿ ಬದಲಿಸುವುದಿಲ್ಲ. ಆ ಭರವಸೆಯನ್ನು ಲಿಖಿತವಾಗಿ ನೀಡಬೇಕಾದವನು ಉದ್ಯಮಿಯೇ.

ನೀರು ಹೊರಹಾಕುವ ವೆಚ್ಚ

900 ಕಿಲೋ ರಸವನ್ನು 450 ಕಿಲೋ ಪ್ಯೂರಿಗೆ ಇಳಿಸಲು 450 ಕಿಲೋ ನೀರನ್ನು ಆವಿ ಮಾಡಬೇಕು. ಒಂದು ಕಿಲೋ ನೀರು ಆವಿಯಾಗಲು ಸುಮಾರು 540 ಕಿಲೋಕ್ಯಾಲೊರಿ ಶಾಖ ಬೇಕು. ರಸವನ್ನು ಕುದಿಯುವ ಹಂತಕ್ಕೆ ತರುವ ಶಾಖ ಬೇರೆ. ಒಲೆಯ ದಕ್ಷತೆ ಶೇ. 60 ಎಂದು ಹಿಡಿದರೂ ಒಟ್ಟು 47 ಕಿಲೋ ಅನಿಲ, ಅಂದರೆ 19 ಕಿಲೋ ತೂಕದ ಎರಡೂವರೆ ವಾಣಿಜ್ಯ ಸಿಲಿಂಡರ್ ಖರ್ಚಾಗುತ್ತದೆ. ಸಿಲಿಂಡರಿಗೆ 1,800 ರೂಪಾಯಿ ಎಂದುಕೊಂಡರೆ 4,500 ರೂಪಾಯಿ. ಹಣ್ಣಿಗೆ ಕೊಟ್ಟದ್ದು 4,000. ಅದರೊಳಗಿನ ನೀರನ್ನು ಓಡಿಸಲು ಕೊಟ್ಟದ್ದು 4,500! ಡಬ್ಬಿ, ಕೂಲಿ, ಬಾಡಿಗೆ ಇನ್ನೂ ಸೇರಿಲ್ಲ.

ಪೇಸ್ಟ್ ತಯಾರಿಸಬೇಕಾದರೆ ಇನ್ನೂ ಹೆಚ್ಚು ನೀರು ಹೋಗಬೇಕು. ದೊಡ್ಡ ಕಾರ್ಖಾನೆಗಳು ನಿರ್ವಾತದಲ್ಲಿ, ಒಂದು ಹಂತದ ಆವಿಯ ಶಾಖವನ್ನೇ ಮುಂದಿನ ಹಂತಕ್ಕೆ ಬಳಸುತ್ತವೆ. ತೆರೆದ ಕಡಾಯಿಯ ಸಣ್ಣ ಘಟಕ ಆ ಕಣದಲ್ಲಿ ಸೆಣಸುವುದು ಜಾಣತನವಲ್ಲ. ಸಿಪ್ಪೆ ತೆಗೆದು ಜಜ್ಜಿದ ಟೊಮೆಟೊ ಅಥವಾ ತೆಳು ಪ್ಯೂರಿಯನ್ನು ಸಮೀಪದ ಹೋಟೆಲು, ಅಡುಗೆ ಗುತ್ತಿಗೆದಾರರಿಗೆ ಒದಗಿಸುವುದು ಅದಕ್ಕೆ ಒಗ್ಗುವ ಕ್ಷೇತ್ರ. ರಸ ತೆಗೆಯುವ ಮುನ್ನ ಹಣ್ಣನ್ನು ತ್ವರಿತವಾಗಿ 85ರಿಂದ 90 ಡಿಗ್ರಿಗೆ ಕಾಯಿಸಿದರೆ ಪೆಕ್ಟಿನ್ ಒಡೆಯುವ ಕಿಣ್ವಗಳು ನಿಷ್ಕ್ರಿಯವಾಗಿ ಪ್ಯೂರಿ ದಪ್ಪನಾಗಿ ಉಳಿಯುತ್ತದೆ. ಹೆಚ್ಚು ಕುದಿಸದೆಯೇ ದಪ್ಪನೆಯ ಅನುಭವ ದೊರೆಯುವುದು ಇಂಧನದ ದೃಷ್ಟಿಯಿಂದಲೂ ಲಾಭಕರ.

ಹುಳಿಯ ಮಿತಿ, ಶಾಖದ ಅವಧಿ

ಹಣ ಹೋದರೆ ಮತ್ತೆ ಗಳಿಸಬಹುದು. ಗ್ರಾಹಕನ ಪ್ರಾಣದ ವಿಷಯದಲ್ಲಿ ಹಾಗಲ್ಲ. ಗಾಳಿಯಿಲ್ಲದ ಡಬ್ಬಿಯಲ್ಲಿ ಬೆಳೆದು ಮಾರಕ ವಿಷವನ್ನು ಉತ್ಪಾದಿಸುವ ಬಾಟ್ಯುಲಿನಮ್ ಎಂಬ ಬ್ಯಾಕ್ಟೀರಿಯಾ, ಪಿಎಚ್ 4.6 ಮತ್ತು ಅದಕ್ಕಿಂತ ಕೆಳಗಿನ ಹುಳಿಯಲ್ಲಿ ಬೆಳೆಯಲಾರದು. ಟೊಮೆಟೊ ಈ ಗೆರೆಯ ಅಂಚಿನಲ್ಲಿಯೇ ಇರುವ ಹಣ್ಣು. ತಳಿಯನ್ನೂ ಮಾಗಿದ ಹದವನ್ನೂ ಅನುಸರಿಸಿ ಕೆಲವು ಹಣ್ಣುಗಳು 4.6ನ್ನು ಮೀರುತ್ತವೆ. ನಾಲಿಗೆಗೆ ಹುಳಿ ಎನಿಸಿತೆಂಬುದು ಪ್ರಮಾಣವಾಗದು. ಪಿಎಚ್ ಮೀಟರ್ ಇಲ್ಲದ ಘಟಕ ಡಬ್ಬಿ ಮುಚ್ಚಬಾರದು.

ಹಿತ್ತಲಿನ ಬೆಳೆಯನ್ನು ಗಾಜಿನ ಜಾಡಿಗಳಲ್ಲಿ ಕಾಪಿಡುವುದು ಅಮೆರಿಕದಲ್ಲಿ ವ್ಯಾಪಕ ರೂಢಿ. ಅಲ್ಲಿನ ಕೃಷಿ ಇಲಾಖೆಯ ಮನೆ ಕ್ಯಾನಿಂಗ್ ಮಾರ್ಗದರ್ಶಿಯ ಪ್ರಕಾರ, ಸುಮಾರು 950 ಮಿಲಿಲೀಟರಿನ ಜಾಡಿಗೆ ಅರ್ಧ ಟೀ ಚಮಚ ಸಿಟ್ರಿಕ್ ಆಮ್ಲವನ್ನು ಇಲ್ಲವೇ ಎರಡು ದೊಡ್ಡ ಚಮಚ ಬಾಟಲಿಯ ನಿಂಬೆರಸವನ್ನು ಸೇರಿಸಲೇಬೇಕು. ಆಗತಾನೆ ಹಿಂಡಿದ ನಿಂಬೆಯ ಹುಳಿ ಹಣ್ಣಿನಿಂದ ಹಣ್ಣಿಗೆ ಬದಲಾಗುವುದರಿಂದ ಅದನ್ನು ಸೂಚಿಸಿಲ್ಲ. ಬಿಸಿಯಾಗಿ ತುಂಬಿದ ಜಜ್ಜಿದ ಟೊಮೆಟೊದ ಅಂಥ ಜಾಡಿಯನ್ನು ಸಮುದ್ರಮಟ್ಟದ ಊರಿನಲ್ಲಿ ಕುದಿಯುವ ನೀರಿನಲ್ಲಿ 45 ನಿಮಿಷ ಇಡಬೇಕು. ಕೋಲಾರ ಸಮುದ್ರಮಟ್ಟದಿಂದ 800 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಇಲ್ಲಿ ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುವುದರಿಂದ ಆ ಅವಧಿ 50 ನಿಮಿಷವಾಗುತ್ತದೆ. ಮಂಗಳೂರಿನಲ್ಲಿ ಸರಿಹೋದ ಅವಧಿ ಕೋಲಾರದಲ್ಲಿ ಸಾಲದು ಎಂಬುದನ್ನು ಮರೆಯಬಾರದು.

ಇವು ಮನೆಯ ಜಾಡಿಗಳ ಮಾತು. ಮಾರಾಟದ ಸರಕಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಥವಾ ಪರವಾನಗಿ ಕಡ್ಡಾಯ. ಡಬ್ಬಿಯ ಗಾತ್ರಕ್ಕೆ ತಕ್ಕ ಶಾಖದ ಅವಧಿಯನ್ನು ಪರಿಣತರಿಂದ ನಿಗದಿಪಡಿಸಿಕೊಳ್ಳಬೇಕು. 1950ರಲ್ಲಿ ಮೈಸೂರಿನಲ್ಲಿ ಸ್ಥಾಪನೆಗೊಂಡ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಇಂಥ ತಂತ್ರಜ್ಞಾನಕ್ಕೆ ಹೆಸರಾದ ಸಂಸ್ಥೆ. ಅದು ನೆರೆಯಲ್ಲಿಯೇ ಇರುವುದು ರಾಜ್ಯದ ಸಣ್ಣ ಉದ್ಯಮಿಗಳ ಭಾಗ್ಯ.

ಶೈತ್ಯೀಕರಣ: ಸುಲಭ ಆರಂಭ, ದೀರ್ಘ ಖರ್ಚು

ಮನೆಯ ಮಟ್ಟಿಗೆ ಶೈತ್ಯೀಕರಣವೇ ಸರಳ ಮಾರ್ಗ. ಹಣ್ಣನ್ನು ಕುದಿಯುವ ನೀರಿನಲ್ಲಿ ಅರ್ಧದಿಂದ ಒಂದು ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ, ಸಿಪ್ಪೆ ಸುಲಿದು, ಗಾಳಿಯಾಡದ ಚೀಲದಲ್ಲಿ ಮೈನಸ್ 18 ಡಿಗ್ರಿಯಲ್ಲಿ ಇಟ್ಟರೆ ಆಯಿತು. ಆ ತಾಪಮಾನದಲ್ಲಿ ಸೂಕ್ಷ್ಮಜೀವಿಗಳು ಬೆಳೆಯುವುದಿಲ್ಲ. ಆದರೆ ಸಾಯುವುದೂ ಇಲ್ಲ. ಹಿಮದ ಹರಳುಗಳು ಹಣ್ಣಿನ ಜೀವಕೋಶಗಳನ್ನು ಒಡೆಯುವುದರಿಂದ, ಕರಗಿದ ಟೊಮೆಟೊ ಸಾರು, ಗೊಜ್ಜುಗಳಿಗೆ ಒದಗುತ್ತದೆಯೇ ಹೊರತು ಕೋಸಂಬರಿಗೆ ಒದಗದು.

ವಾಣಿಜ್ಯ ಮಟ್ಟದಲ್ಲಿ ಚಿತ್ರ ಬೇರೆಯಾಗುತ್ತದೆ. ಹಣ್ಣನ್ನು ಹೆಪ್ಪುಗಟ್ಟಿಸುವುದು ಒಮ್ಮೆಯ ಖರ್ಚು. ಹೆಪ್ಪುಗಟ್ಟಿದ ಸ್ಥಿತಿಯಲ್ಲಿ ಕಾಯುವುದು ಮಾರಾಟವಾಗುವವರೆಗೆ ಪ್ರತಿ ದಿನದ ಖರ್ಚು. ಇಲ್ಲಿ ನೀರು ಹೊರಹೋಗದ ಕಾರಣ ಸಿಪ್ಪೆ ಸುಲಿದ ಹಣ್ಣು ಬಹುಪಾಲು ಮೂಲ ತೂಕದಲ್ಲಿಯೇ ಕೋಣೆಯನ್ನು ತುಂಬುತ್ತದೆ. ಮುಚ್ಚಿದ ಡಬ್ಬಿ ವಿದ್ಯುತ್ತಿಲ್ಲದ ಗೋದಾಮಿನಲ್ಲಿ ತಿಂಗಳುಗಟ್ಟಲೆ ಕಾಯಬಲ್ಲದು. ಶೀತಲ ಸರಪಳಿ ಒಂದೆಡೆ ಕಡಿದರೂ ಸರಕು ಹಾಳು. ಆದ್ದರಿಂದ ಎರಡು ಮೂರು ತಿಂಗಳೊಳಗೆ ಖಾಲಿಯಾಗುವ ಖಚಿತ ಬೇಡಿಕೆಯಿದ್ದರೆ ಶೈತ್ಯೀಕರಣ, ದೀರ್ಘಕಾಲದ ದಾಸ್ತಾನಿಗೆ ಕ್ಯಾನಿಂಗ್ ಎಂಬುದು ಸ್ಥೂಲ ಸೂತ್ರ.

ದಾಸ್ತಾನಿನ ನಿಜವಾದ ಮೌಲ್ಯ

ಹಂಗಾಮಿ ಉದ್ಯಮಗಳ ಲೆಕ್ಕಪತ್ರದಲ್ಲಿ ನಷ್ಟ ಅಡಗಿ ಕೂರುವ ಜಾಗ ದಾಸ್ತಾನು. ಒಂದು ಘಟಕದ ವಾರ್ಷಿಕ ಸ್ಥಿರ ವೆಚ್ಚ 12 ಲಕ್ಷ ರೂಪಾಯಿ, ಸಾಮಾನ್ಯ ಸಾಮರ್ಥ್ಯ 100 ಟನ್ ಎಂದುಕೊಳ್ಳೋಣ. ಕಿಲೋಗೆ ಬೀಳುವ ಸ್ಥಿರ ವೆಚ್ಚ 12 ರೂಪಾಯಿ. ಹಣ್ಣು ದುಬಾರಿಯಾದ ವರ್ಷ 40 ಟನ್ ಮಾತ್ರ ತಯಾರಾದರೆ ಇಡೀ 12 ಲಕ್ಷವನ್ನು ಅದರ ಮೇಲೆ ಹೇರಿ ಕಿಲೋಗೆ 30 ರೂಪಾಯಿ ಎಂದು ಬರೆಯುವ ಪರಿಪಾಠವಿದೆ. ಲೆಕ್ಕಪತ್ರ ಮಾನದಂಡ 2 ಇದನ್ನು ಒಪ್ಪುವುದಿಲ್ಲ. ದಾಸ್ತಾನಿಗೆ ಸೇರಬೇಕಾದದ್ದು ಸಾಮಾನ್ಯ ಸಾಮರ್ಥ್ಯದ ಆಧಾರದ 12 ರೂಪಾಯಿ ಮಾತ್ರ; ಉಳಿದ 7.20 ಲಕ್ಷ ಆ ವರ್ಷದ ಖರ್ಚು. ಅಸಹಜ ಪ್ರಮಾಣದ ಕೊಳೆತವೂ ದಾಸ್ತಾನಿನ ಬೆಲೆಗೆ ಸೇರುವಂತಿಲ್ಲ. ವೆಚ್ಚ ಮತ್ತು ಮಾರಾಟದಿಂದ ದಕ್ಕುವ ನಿವ್ವಳ ಮೌಲ್ಯ ಇವೆರಡರಲ್ಲಿ ಕಡಿಮೆಯದನ್ನೇ ದಾಖಲಿಸಬೇಕು. ಉಬ್ಬಿಸಿದ ದಾಸ್ತಾನಿನ ಪಟ್ಟಿ ನೀಡಿ ಬ್ಯಾಂಕಿನಿಂದ ಹೆಚ್ಚು ಸಾಲ ಪಡೆದರೆ ಒಂದು ವರ್ಷ ಉಸಿರಾಡಬಹುದು. ಮರುವರ್ಷ ಬಡ್ಡಿ ಕುತ್ತಿಗೆಗೆ ಬರುತ್ತದೆ.

ತೆರಿಗೆಯ ಲೆಕ್ಕವೂ ಇದೆ. ತಾಜಾ ಟೊಮೆಟೊಗೆ ಜಿಎಸ್‌ಟಿ ಇಲ್ಲ. ಪ್ಯೂರಿ, ಪೇಸ್ಟ್‌ಗಳ ಮೇಲಿದ್ದ ಶೇ. 12ರ ದರ 2025ರ ಸೆಪ್ಟೆಂಬರ್ 22ರಿಂದ ಶೇ. 5ಕ್ಕೆ ಇಳಿಯಿತು. ಗ್ರಾಹಕನಿಗೆ ಇದು ಅನುಕೂಲ. ಆದರೆ ತಗಡಿನ ಡಬ್ಬಿ, ಗಾಜಿನ ಬಾಟಲಿಗಳ ಮೇಲೆ ಶೇ. 18 ತೆರಿಗೆ ತೆತ್ತು ಶೇ. 5 ಸಂಗ್ರಹಿಸುವ ತಯಾರಕನ ಖಾತೆಯಲ್ಲಿ ಹೂಡುವಳಿ ತೆರಿಗೆ ಶೇಖರವಾಗುತ್ತದೆ. ಕಚ್ಚಾ ಸಾಮಗ್ರಿಗಳಿಗೆ ಸಂಬಂಧಿಸಿದ ಭಾಗಕ್ಕೆ ಮರುಪಾವತಿ ಕೋರಬಹುದು. ಯಂತ್ರಗಳ ಮೇಲಿನ ತೆರಿಗೆಗೆ ಈ ಮರುಪಾವತಿ ಅನ್ವಯಿಸದು. ಯೋಜನಾ ವರದಿಯಲ್ಲಿ ಈ ಮೊತ್ತವನ್ನು ದುಡಿಯುವ ಬಂಡವಾಳಕ್ಕೆ ಸೇರಿಸಿಕೊಳ್ಳದಿದ್ದರೆ ಮೊದಲ ವರ್ಷವೇ ಕೈ ಕಟ್ಟಿಹೋಗುತ್ತದೆ.

ಯಂತ್ರಕ್ಕೆ ವರ್ಷವಿಡೀ ಕೆಲಸ

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಉದ್ಯಮಗಳ ಯೋಜನೆ ಕೋಲಾರ ಜಿಲ್ಲೆಗೆ ಟೊಮೆಟೊವನ್ನೇ ಉತ್ಪನ್ನವಾಗಿ ಗುರುತಿಸಿತು. ಅರ್ಹ ಯೋಜನೆಗಳಿಗೆ ಶೇ. 35ರಂತೆ ಗರಿಷ್ಠ 10 ಲಕ್ಷ ರೂಪಾಯಿಗಳ ಸಾಲಾಧಾರಿತ ಸಹಾಯಧನವನ್ನು ಅದು ಗೊತ್ತುಪಡಿಸಿತು. ರಾಜ್ಯ ಸರ್ಕಾರ ಇದಕ್ಕೆ ಶೇ. 15ನ್ನು ಸೇರಿಸಿತು. ಸಹಾಯಧನ ಯಂತ್ರದ ಬೆಲೆಯನ್ನು ಇಳಿಸುತ್ತದೆ, ನಿಜ. ಯಂತ್ರಕ್ಕೆ ಕೆಲಸವನ್ನು ಮಾತ್ರ ಅದು ಒದಗಿಸದು.

ಆ ಕೆಲಸವನ್ನು ಹುಡುಕುವುದೇ ಉದ್ಯಮಿಯ ಮೊದಲ ಹೊಣೆ. ಅದೇ ಜಿಲ್ಲೆಯ ಶ್ರೀನಿವಾಸಪುರ ಮಾವಿಗೆ ಪ್ರಸಿದ್ಧ. ಟೊಮೆಟೊ ರಸ ತೆಗೆಯುವ ಪಲ್ಪರ್, ಕಡಾಯಿ, ಡಬ್ಬಿ ಮುಚ್ಚುವ ಯಂತ್ರಗಳು ಅಲ್ಪಸ್ವಲ್ಪ ಹೊಂದಾಣಿಕೆಯೊಂದಿಗೆ ಮಾವಿನ ತಿರುಳಿಗೂ ಒದಗುತ್ತವೆ. ಮಾವಿನ ಹಂಗಾಮಿನಲ್ಲಿ ಮಾವು, ಟೊಮೆಟೊ ಅಗ್ಗವಾದಾಗ ಟೊಮೆಟೊ, ಎರಡೂ ಇಲ್ಲದಾಗ ಇತರರ ಸರಕಿಗೆ ಕೂಲಿ ತಯಾರಿಕೆ ಎಂದು ಹಂಚಿಕೊಂಡರೆ ಸ್ಥಿರ ವೆಚ್ಚ ಒಂದೇ ಬೆಳೆಯ ತಲೆಯ ಮೇಲೆ ಬೀಳುವುದಿಲ್ಲ. ಖರೀದಿದಾರರೊಂದಿಗೆ ಬೆಲೆ, ಘನಾಂಶ, ಪಾವತಿಯ ಗಡುವನ್ನು ಬರೆದುಕೊಳ್ಳಬೇಕು. ಕಿರು ಮತ್ತು ಸಣ್ಣ ಉದ್ಯಮಗಳಿಗೆ ಗರಿಷ್ಠ 45 ದಿನಗಳೊಳಗೆ ಹಣ ಸಲ್ಲಬೇಕೆಂದು 2006ರ ಕಾಯಿದೆ ವಿಧಿಸಿದೆ. ಉದ್ಯಮ್ ನೋಂದಣಿ ಮಾಡಿಸಿಕೊಂಡ ತಯಾರಕ ಈ ಹಕ್ಕನ್ನು ಬಿಟ್ಟುಕೊಡಬೇಕಾಗಿಲ್ಲ.

ಬೆಲೆ ಕುಸಿದ ದಿನ ಹಣ್ಣು ಕೊಳ್ಳಲು ಯಾರಾದರೂ ಸಿದ್ಧರಿದ್ದರೆ ಬೆಳೆಗಾರ ಫಸಲನ್ನು ರಸ್ತೆಗೆ ಸುರಿಯುವುದು ತಪ್ಪುತ್ತದೆ. ಅಂಥ ಘಟಕಗಳು ಜಿಲ್ಲೆಗೆ ಬೇಕು, ಮತ್ತು ಅವು ಹತ್ತು ವರ್ಷ ಬಾಳಬೇಕು. ಆದ್ದರಿಂದ ಮೊದಲು ಖರೀದಿದಾರ, ಆಮೇಲೆ ತಳಿ ಮತ್ತು ಘನಾಂಶ, ತರುವಾಯ ಯಂತ್ರ, ಕಡೆಯಲ್ಲಿ ಮಂಡಿಯ ಹರಾಜು ಎಂಬ ಕ್ರಮದಲ್ಲಿ ಹೆಜ್ಜೆಯಿಡುವುದು ಕ್ಷೇಮ. ಈ ಕ್ರಮವನ್ನು ತಿರುವುಮುರುವು ಮಾಡಿದವರಿಗೆ ನಾಲ್ಕು ರೂಪಾಯಿಯ ಟೊಮೆಟೊ ಸಹ ದುಬಾರಿಯೇ ಆಗುತ್ತದೆ.