ವಾಣಿಜ್ಯ ಜಾಲತಾಣದ ಯೋಜನೆ

ವಾಣಿಜ್ಯ ಜಾಲತಾಣದ ಯೋಜನೆ ಎಂಬುದು ವ್ಯಾಪಾರ ಸಂಸ್ಥೆಯೊಂದರ ಜಾಲತಾಣವನ್ನು ನಿರ್ಮಿಸುವ ಮೊದಲು ಅದರ ಉದ್ದೇಶ, ರಚನೆ, ವಿಳಾಸ, ತಂತ್ರಜ್ಞಾನ ಮತ್ತು ನಿರ್ವಹಣೆಯ ಕ್ರಮವನ್ನು ನಿರ್ಧರಿಸುವ ಪ್ರಕ್ರಿಯೆಯಾಗಿದೆ. ಸರಕು, ಗ್ರಾಹಕರ ಸಂಖ್ಯೆ, ಅವರು ಬಳಸುವ ಸಾಧನಗಳು ಮತ್ತು ಕಾನೂನು ಕಾಲಕ್ರಮೇಣ ಬದಲಾಗುವುದರಿಂದ, ಒಂದು ಭಾಗವನ್ನು ಬದಲಿಸಿದಾಗ ಉಳಿದ ಭಾಗಗಳಿಗೆ ಧಕ್ಕೆಯಾಗದಂತೆ ಜಾಲತಾಣವನ್ನು ರೂಪಿಸುವುದು ಈ ಯೋಜನೆಯ ಮುಖ್ಯ ಗುರಿ. ಹೀಗೆ ರೂಪಿಸಿದ ಜಾಲತಾಣವು ಆರಂಭದಲ್ಲಿ ಚಿಕ್ಕದಾಗಿದ್ದರೂ ವ್ಯಾಪಾರದೊಂದಿಗೆ ಬೆಳೆಯಬಲ್ಲದು.

ಹಿನ್ನೆಲೆ

ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಸರ್ನ್ ಸಂಶೋಧನಾ ಸಂಸ್ಥೆಯಲ್ಲಿ ವರ್ಲ್ಡ್ ವೈಡ್ ವೆಬ್‌ನ ಪ್ರಸ್ತಾವವನ್ನು ಮಂಡಿಸಿದರು. ವೆಬ್‌ನ ಆರಂಭಿಕ ವರ್ಷಗಳ ಜಾಲತಾಣಗಳಲ್ಲಿ ಪ್ರತಿ ಪುಟವೂ ಸಾಮಾನ್ಯವಾಗಿ ಒಂದು ಪ್ರತ್ಯೇಕ ಎಚ್‌ಟಿಎಂಎಲ್ ಕಡತವಾಗಿರುತ್ತಿತ್ತು. ಅಕ್ಷರಗಳ ಬಣ್ಣ, ಗಾತ್ರಗಳೂ ಅದೇ ಕಡತದಲ್ಲಿ ಸೇರಿರುತ್ತಿದ್ದವು. ಅಂಗಡಿಯ ದೂರವಾಣಿ ಸಂಖ್ಯೆ ಬದಲಾದರೆ ಎಲ್ಲ ಪುಟಗಳನ್ನೂ ಒಂದೊಂದಾಗಿ ತಿದ್ದಬೇಕಾಗುತ್ತಿತ್ತು.

ಪುಟದ ವಿಷಯವನ್ನು ಅದರ ರೂಪದಿಂದ ಬೇರ್ಪಡಿಸುವ ಸಿಎಸ್‌ಎಸ್ ಮಾನಕದ ಮೊದಲ ಆವೃತ್ತಿ 1996ರಲ್ಲಿ ಪ್ರಕಟವಾಯಿತು. ಲೇಖನ, ಬೆಲೆ, ಚಿತ್ರಗಳನ್ನು ಡೇಟಾಬೇಸಿನಲ್ಲಿಟ್ಟು, ಬೇಡಿಕೆ ಬಂದಾಗ ಪುಟವನ್ನು ಸಿದ್ಧಪಡಿಸುವ ವಿಷಯ ನಿರ್ವಹಣಾ ತಂತ್ರಾಂಶಗಳು ಅನಂತರ ಬಳಕೆಗೆ ಬಂದವು. ಅವುಗಳಲ್ಲಿ ಪ್ರಸಿದ್ಧವಾದ ವರ್ಡ್‌ಪ್ರೆಸ್ 2003ರಲ್ಲಿ ಬಿಡುಗಡೆಯಾಯಿತು. ಒಂದೇ ಪುಟವು ಪರದೆಯ ಅಗಲಕ್ಕೆ ತಕ್ಕಂತೆ ತನ್ನ ವಿನ್ಯಾಸವನ್ನು ಬದಲಿಸಿಕೊಳ್ಳುವ ಸ್ಪಂದನಶೀಲ ವಿನ್ಯಾಸ ಪದ್ಧತಿಗೆ ಈಥನ್ ಮಾರ್ಕಾಟ್ 2010ರಲ್ಲಿ ಹೆಸರು ಕೊಟ್ಟರು.

ಉದ್ದೇಶ ಮತ್ತು ಮಾಹಿತಿಯ ರಚನೆ

ಯೋಜನೆಯ ಮೊದಲ ಹಂತದಲ್ಲಿ ಜಾಲತಾಣಕ್ಕೆ ಬರುವವರು ಯಾರು, ಅವರು ಏನನ್ನು ಹುಡುಕುತ್ತಾರೆ ಮತ್ತು ಸಂಸ್ಥೆಯು ಅವರಿಂದ ಏನನ್ನು ನಿರೀಕ್ಷಿಸುತ್ತದೆ ಎಂಬುದನ್ನು ಬರೆದಿಡಲಾಗುತ್ತದೆ. ವಿಳಾಸವನ್ನಷ್ಟೇ ತಿಳಿಸುವ ಜಾಲತಾಣ, ವಿಚಾರಣೆಗಳನ್ನು ಸ್ವೀಕರಿಸುವ ಜಾಲತಾಣ ಮತ್ತು ಹಣ ಪಡೆದು ಸರಕು ಕಳುಹಿಸುವ ಜಾಲತಾಣ ಇವುಗಳ ಅಗತ್ಯಗಳು ಬೇರೆ ಬೇರೆಯಾಗಿವೆ.

ಮಾಹಿತಿಯನ್ನು ಹೇಗೆ ವಿಂಗಡಿಸಲಾಗಿದೆ ಎಂಬುದು ಮುಂದಿನ ಬೆಳವಣಿಗೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಉದಾಹರಣೆಗೆ, ಚಿಕ್ಕಮಗಳೂರಿನ ಕಾಫಿಪುಡಿ ವ್ಯಾಪಾರಿಯೊಬ್ಬರು ಆರಂಭದಲ್ಲಿ ಮೂರು ಬಗೆಯ ಪುಡಿಗಳಿಗೆ ಮೂರು ಪುಟಗಳನ್ನು ಬರೆಸಿದರೆ ಕೆಲಸ ಸಾಗುತ್ತದೆ. ಬೀಜದ ಜಾತಿ, ಚಿಕೋರಿಯ ಪ್ರಮಾಣ, ಹುರಿದ ಹದ ಮತ್ತು ತೂಕಗಳ ಆಯ್ಕೆ ಸೇರಿದಾಗ ಪುಟಗಳ ಸಂಖ್ಯೆ ಹತ್ತಾರು ಪಟ್ಟು ಹೆಚ್ಚಿ, ಬೆಲೆಯ ಪ್ರತಿ ಬದಲಾವಣೆಯೂ ಹೊರೆಯಾಗುತ್ತದೆ. ಈ ಗುಣಗಳನ್ನು ಮೊದಲೇ ಡೇಟಾಬೇಸಿನ ಪ್ರತ್ಯೇಕ ಅಂಕಣಗಳಾಗಿ ಇರಿಸಿದ್ದರೆ, ಹೊಸ ಬಗೆಯೊಂದನ್ನು ಸೇರಿಸಲು ಒಂದು ಸಾಲನ್ನು ತುಂಬಿದರೆ ಸಾಕು.

ಡೊಮೇನ್ ಹೆಸರು ಮತ್ತು ಪುಟಗಳ ವಿಳಾಸ

ಜಾಲತಾಣದ ವಿನ್ಯಾಸ, ತಂತ್ರಾಂಶ ಮತ್ತು ಸರ್ವರ್‌ಗಳನ್ನು ಬದಲಿಸಿದರೂ ಅದರ ವಿಳಾಸ ಉಳಿಯುವುದು ಅಪೇಕ್ಷಣೀಯ. ಡೊಮೇನ್ ಹೆಸರನ್ನು ನಿಗದಿತ ಅವಧಿಗೆ ನೋಂದಾಯಿಸಿ, ಅವಧಿ ಮುಗಿಯುವ ಮುನ್ನ ನವೀಕರಿಸಬೇಕಾಗುತ್ತದೆ. ನೋಂದಣಿಯು ಜಾಲತಾಣವನ್ನು ನಿರ್ಮಿಸಿದ ತಂತ್ರಜ್ಞರ ಹೆಸರಿನಲ್ಲಿದ್ದರೆ, ಅವರೊಂದಿಗಿನ ವ್ಯವಹಾರ ಮುರಿದಾಗ ಸಂಸ್ಥೆಯು ತನ್ನ ಹೆಸರಿನ ಜಾಲತಾಣವನ್ನೂ ಆ ಹೆಸರಿನ ಇಮೇಲ್ ವಿಳಾಸಗಳನ್ನೂ ಕಳೆದುಕೊಳ್ಳುವ ಸಂಭವವಿದೆ. ಆದುದರಿಂದ ನೋಂದಣಿಯನ್ನು ಸಂಸ್ಥೆಯ ಹೆಸರಿನಲ್ಲಿಯೇ ಮಾಡಿಸಿ, ಅದರ ಪ್ರವೇಶಪದವನ್ನು ಸಂಸ್ಥೆಯೇ ಇಟ್ಟುಕೊಳ್ಳುವುದು ಯೋಜನೆಯ ಪ್ರಾಥಮಿಕ ಅಂಶವೆನಿಸಿದೆ.

ಪ್ರತಿ ಪುಟದ ವಿಳಾಸವೂ ಸ್ಥಿರವಾಗಿರಬೇಕೆಂದು ಬರ್ನರ್ಸ್-ಲೀ 1998ರಲ್ಲಿ ಪ್ರತಿಪಾದಿಸಿದರು. ಬರೆದವರ ಹೆಸರು, ಕಡತದ ಬಗೆ, ತಂತ್ರಾಂಶದ ಗುರುತು ಮುಂತಾದ ಬದಲಾಗಬಲ್ಲ ಅಂಶಗಳನ್ನು ವಿಳಾಸದಲ್ಲಿ ಸೇರಿಸಬಾರದೆಂಬುದು ಅವರ ಸಲಹೆ. ವಿಳಾಸವನ್ನು ಬದಲಿಸಲೇಬೇಕಾದಾಗ '301' ಎಂಬ ಶಾಶ್ವತ ಮರುನಿರ್ದೇಶನ ಸಂಕೇತದ ಮೂಲಕ ಹಳೆಯ ವಿಳಾಸಕ್ಕೆ ಬಂದವರನ್ನೂ ಶೋಧಯಂತ್ರಗಳನ್ನೂ ಹೊಸ ವಿಳಾಸಕ್ಕೆ ಕಳುಹಿಸಬಹುದು. ಇದನ್ನು ಕಡೆಗಣಿಸಿದರೆ ಇತರ ಜಾಲತಾಣಗಳಿಂದ ಬರುವ ಕೊಂಡಿಗಳು ನಿಷ್ಫಲವಾಗುತ್ತವೆ.

ದಟ್ಟಣೆಯ ನಿರ್ವಹಣೆ

ಏಕಕಾಲಕ್ಕೆ ಬರುವ ಬಳಕೆದಾರರ ಸಂಖ್ಯೆ ಹೆಚ್ಚಿದಾಗಲೂ ಜಾಲತಾಣವು ಕೆಲಸ ಮಾಡುವಂತಿರಬೇಕು. ಚಿತ್ರಗಳ ಗಾತ್ರವನ್ನು ಕುಗ್ಗಿಸುವುದು, ಪದೇ ಪದೇ ಬೇಕಾಗುವ ಪುಟಗಳ ಸಿದ್ಧಪ್ರತಿಗಳನ್ನು ಇಟ್ಟುಕೊಳ್ಳುವುದು ಮತ್ತು ಡೇಟಾಬೇಸನ್ನು ಪ್ರತ್ಯೇಕ ಸರ್ವರ್‌ನಲ್ಲಿ ಇರಿಸುವುದು ಸಾಮಾನ್ಯ ಕ್ರಮಗಳು. ಬಳಸಿದಷ್ಟಕ್ಕೆ ಬಾಡಿಗೆ ನೀಡುವ ಕ್ಲೌಡ್ ಸೇವೆಗಳಿಂದಾಗಿ ಸಣ್ಣ ಸಂಸ್ಥೆಗಳು ಸ್ವಂತ ಸರ್ವರ್‌ಗಳನ್ನು ಕೊಳ್ಳುವ ಅಗತ್ಯ ಕಡಿಮೆಯಾಗಿದೆ. ಅಮೆಜಾನ್ ತನ್ನ ಎಸ್3 ಸಂಗ್ರಹ ಸೇವೆಯನ್ನು 2006ರಲ್ಲಿ ಆರಂಭಿಸಿತು.

ಬೆಂಗಳೂರಿನಲ್ಲಿ 2007ರಲ್ಲಿ ಪುಸ್ತಕ ಮಾರಾಟದ ಜಾಲತಾಣವಾಗಿ ಆರಂಭವಾದ ಫ್ಲಿಪ್‌ಕಾರ್ಟ್ ಕ್ರಮೇಣ ಮೊಬೈಲ್, ಉಡುಪು ಮುಂತಾದ ಸರಕುಗಳಿಗೆ ವಿಸ್ತರಿಸಿತು. 2014ರ ಅಕ್ಟೋಬರ್ 6ರಂದು ಅದು ನಡೆಸಿದ ರಿಯಾಯಿತಿ ಮಾರಾಟದ ದಿನ ದಟ್ಟಣೆಯಿಂದ ಜಾಲತಾಣಕ್ಕೆ ಅಡಚಣೆಯಾಯಿತು. ಮರುದಿನ ಸಂಸ್ಥಾಪಕರು ಗ್ರಾಹಕರ ಕ್ಷಮೆ ಕೋರಿದರು. ಸಿದ್ಧತೆ ಮಾಡಿಕೊಂಡ ದೊಡ್ಡ ಸಂಸ್ಥೆಗಳಿಗೂ ದಟ್ಟಣೆಯ ಅಂದಾಜು ಕಷ್ಟವೆಂಬುದಕ್ಕೆ ಈ ಘಟನೆ ನಿದರ್ಶನವಾಗಿದೆ.

ಭಾಷೆ ಮತ್ತು ಸುಗಮ ಬಳಕೆ

ಯುನಿಕೋಡ್ ಬಳಕೆ ವ್ಯಾಪಕವಾಗುವ ಮೊದಲು ಅನೇಕ ಕನ್ನಡ ಜಾಲತಾಣಗಳು ತಮ್ಮದೇ ಸಂಕೇತಕ್ರಮದ ಫಾಂಟ್‌ಗಳನ್ನು ಅವಲಂಬಿಸಿದ್ದವು. ಆ ಫಾಂಟ್ ಇಲ್ಲದ ಗಣಕದಲ್ಲಿ ಪಠ್ಯವು ಅರ್ಥಹೀನ ಚಿಹ್ನೆಗಳಾಗಿ ಕಾಣಿಸುತ್ತಿತ್ತು ಮತ್ತು ಶೋಧಯಂತ್ರಗಳಿಗೆ ಸಿಗುತ್ತಿರಲಿಲ್ಲ. ಯುನಿಕೋಡ್‌ಗೆ ಬದಲಾಗುವಾಗ ಹಳೆಯ ಪಠ್ಯವನ್ನೆಲ್ಲ ಪರಿವರ್ತಿಸಬೇಕಾಯಿತು. ಮುಕ್ತ ಮಾನಕಗಳನ್ನು ಮೊದಲೇ ಅನುಸರಿಸಿದರೆ ಇಂತಹ ಶ್ರಮ ತಪ್ಪುತ್ತದೆ. ಮುಂದೆ ಇನ್ನೊಂದು ಭಾಷೆಯನ್ನು ಸೇರಿಸಲು ಅನುಕೂಲವಾಗುವಂತೆ ಗುಂಡಿ, ಶೀರ್ಷಿಕೆಗಳ ಪಠ್ಯವನ್ನು ಚಿತ್ರಗಳೊಳಗೆ ಬರೆಯದೆ ಪ್ರತ್ಯೇಕವಾಗಿಡಲಾಗುತ್ತದೆ. ಚಿತ್ರಗಳಿಗೆ ವಿವರಣೆ ಬರೆಯುವುದರಿಂದ ಪರದೆಯನ್ನು ಓದಿ ಹೇಳುವ ತಂತ್ರಾಂಶ ಬಳಸುವ ಅಂಧರಿಗೂ ಜಾಲತಾಣವು ಉಪಯುಕ್ತವಾಗುತ್ತದೆ.

ಕಾನೂನು ಮತ್ತು ನಿರ್ವಹಣೆ

ಭಾರತದಲ್ಲಿ 2020ರ ಗ್ರಾಹಕ ಸಂರಕ್ಷಣಾ (ಇ-ವಾಣಿಜ್ಯ) ನಿಯಮಗಳ ವ್ಯಾಪ್ತಿಗೆ ಬರುವ ಸಂಸ್ಥೆಗಳು ತಮ್ಮ ಕಾನೂನುಬದ್ಧ ಹೆಸರು, ವಿಳಾಸ ಮತ್ತು ಕುಂದುಕೊರತೆ ಅಧಿಕಾರಿಯ ವಿವರಗಳನ್ನು ಜಾಲತಾಣದಲ್ಲಿ ಪ್ರಕಟಿಸಬೇಕು. ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಗ್ರಾಹಕರ ವೈಯಕ್ತಿಕ ಮಾಹಿತಿಯ ರಕ್ಷಣೆಗಾಗಿ 2023ರಲ್ಲಿ ಪ್ರತ್ಯೇಕ ಕಾಯ್ದೆಯನ್ನು ರೂಪಿಸಲಾಗಿದೆ. ಅಗತ್ಯವಿಲ್ಲದ ಮಾಹಿತಿಯನ್ನು ಸಂಗ್ರಹಿಸದಿದ್ದರೆ ಅದನ್ನು ಕಾಪಾಡುವ ಹೊಣೆಯೂ ಕಡಿಮೆಯಾಗುತ್ತದೆ.

ಜಾಲತಾಣವು ಪ್ರಕಟವಾದ ನಂತರ ತಂತ್ರಾಂಶದ ಭದ್ರತಾ ಪರಿಷ್ಕರಣೆ, ಬ್ಯಾಕಪ್ ಮತ್ತು ಹಳೆಯ ಮಾಹಿತಿಯ ತಿದ್ದುಪಡಿ ನಿರಂತರವಾಗಿ ನಡೆಯಬೇಕಾಗುತ್ತದೆ. ಬ್ಯಾಕಪ್‌ನಿಂದ ಜಾಲತಾಣವನ್ನು ಮರಳಿ ನಿಲ್ಲಿಸಬಹುದೇ ಎಂದು ಆಗಾಗ ಪರೀಕ್ಷಿಸುವುದೂ ಇದರ ಭಾಗ. ಇವುಗಳ ವೆಚ್ಚವನ್ನು ನಿರ್ಮಾಣದ ವೆಚ್ಚದೊಂದಿಗೇ ಅಂದಾಜಿಸಲಾಗುತ್ತದೆ.

ಮಿತಿಗಳು

ಭವಿಷ್ಯದ ಎಲ್ಲ ಅಗತ್ಯಗಳನ್ನೂ ಊಹಿಸಿ ಯೋಜಿಸುವುದು ಸಾಧ್ಯವಿಲ್ಲ. ಬಾರದ ದಟ್ಟಣೆಗಾಗಿ ಸಂಕೀರ್ಣ ವ್ಯವಸ್ಥೆಯನ್ನು ಕಟ್ಟಿದರೆ ಸಣ್ಣ ಸಂಸ್ಥೆಯ ಬಂಡವಾಳ ವ್ಯರ್ಥವಾಗುತ್ತದೆ. ಮಾಸಿಕ ಶುಲ್ಕದ ಸಿದ್ಧ ಸೇವೆಗಳಿಂದ ಕಡಿಮೆ ಖರ್ಚಿನಲ್ಲಿ ಜಾಲತಾಣವನ್ನು ಆರಂಭಿಸಬಹುದಾದರೂ, ಕೆಲವು ಸೇವೆಗಳಲ್ಲಿ ವಿನ್ಯಾಸವನ್ನು ಬೇರೆಡೆಗೆ ಒಯ್ಯುವ ಅವಕಾಶವಿರುವುದಿಲ್ಲ. ಆದ್ದರಿಂದ ಸೇವೆಯನ್ನು ಆಯ್ಕೆಮಾಡುವಾಗ ಸರಕುಗಳ ಪಟ್ಟಿ, ಗ್ರಾಹಕರ ವಿವರ ಮತ್ತು ಬೇಡಿಕೆಗಳ ದಾಖಲೆಯನ್ನು ಸಾಮಾನ್ಯ ಕಡತರೂಪದಲ್ಲಿ ಹೊರತೆಗೆಯಬಹುದೇ ಎಂಬುದನ್ನು ಮುಂಚಿತವಾಗಿ ಪರಿಶೀಲಿಸಬೇಕಾಗುತ್ತದೆ.